ಕೊರಿಯಾದ ವಲಸೆಗಾರರ ಕಥೆಗಳಲ್ಲಿ ಕರುಣರಸದ ಆಶ್ರಯವಿಚಾರ

ಆಲಂಕಾರಿಕರು ವಿಪ್ರಲಂಭದ ಭೇದಗಳನ್ನು ನಿರೂಪಿಸುವಾಗ ಪ್ರವಾಸವನ್ನು ಅವುಗಳಲ್ಲೊಂದಾಗಿ ಎಣಿಸಿ, ಅದಕ್ಕೆ ಕಾರ್ಯ, ಸಂಭ್ರಮ, ಶಾಪ ಎಂಬ ಮೂರು ನಿಮಿತ್ತಗಳನ್ನು ಹೇಳಿರುವರು. ಕಾರ್ಯಾರ್ಥವಾಗಿ ಹೋದವನು ಕಾರ್ಯವು ಮುಗಿಯಲು ಹಿಂದಿರುಗುವನು. ಸಂಭ್ರಮದಿಂದ, ಎಂದರೆ ಉತ್ಪಾತ ಪರಚಕ್ರಾದಿ ಭಯದಿಂದ, ಓಡಿದವನು ಭಯವು ತೀರಲು ಹಿಂದಿರುಗುವನು. ಶಾಪಗ್ರಸ್ತನಿಗೆ ಮಾತ್ರ ಸ್ಥಳವೂ ಅವಧಿಯೂ ಅನ್ಯರಿಂದ ಗೊತ್ತುಮಾಡಲ್ಪಟ್ಟಿರುವುವು. ಮೂರನೆಯದಕ್ಕೆ ಮೇಘದೂತದ ಯಕ್ಷನು ಪ್ರಸಿದ್ಧ ನಿದರ್ಶನ. ಈ ಯಕ್ಷನು ರಾಜನಲ್ಲ, ಋಷಿಯಲ್ಲ. ಒಡೆಯನ ಕೈಕೆಳಗಿನ ಒಬ್ಬ ಸೇವಕ. ಕೆಲಸದಲ್ಲಿ ತಪ್ಪಿದನೆಂಬ ಕಾರಣದಿಂದ ಅವನಿಗೆ ಒಂದು ವರ್ಷದ ಅವಧಿ ಬಿದ್ದಿತು, ಇರಬೇಕಾದ ಸ್ಥಳವು ನಿಶ್ಚಿತವಾಯಿತು, ಮಹಿಮೆಯು ಹೋಯಿತು. ಉಳಿದ ನಾಲ್ಕು ತಿಂಗಳುಗಳನ್ನು ಅವನು ಎಣಿಸುತ್ತಿರುವಾಗ ಕಾವ್ಯವು ಆರಂಭವಾಗುತ್ತದೆ. ಅವನ ವಿರಹವನ್ನು ಕುರಿತು ಬಂದಿರುವ ವ್ಯಾಖ್ಯಾನಗಳಿಗೆ ಲೆಕ್ಕವಿಲ್ಲ. ಅವನ ಸೇವಕತ್ವವನ್ನು ಕುರಿತ ವಿಚಾರವು ಅಪೂರ್ವ.

ದಕ್ಷಿಣ ಕೊರಿಯಾ ದೇಶದಲ್ಲಿ ಈ ಶತಮಾನದ ಆರಂಭದಿಂದೀಚೆಗೆ ಬೆಳೆದುಬಂದಿರುವ ಒಂದು ಬಗೆಯ ಕಥಾಸಾಹಿತ್ಯವನ್ನು ಓದುವವರಿಗೆ ಈ ಸೇವಕನ ನೆನಪು ಬಾರದಿರದು. ನೇಪಾಳ, ಬಾಂಗ್ಲಾದೇಶ, ವಿಯೆಟ್ನಾಂ, ಫಿಲಿಪ್ಪೀನ್ಸ್, ಚೀನಾ ಮೊದಲಾದ ಕಡೆಗಳಿಂದ ಅಲ್ಲಿಗೆ ದುಡಿಯಲು ಬಂದವರೂ ಮದುವೆಯಾಗಿ ಬಂದವರೂ ಈ ಕಥೆಗಳ ಪಾತ್ರಗಳು. ವಸ್ತುವು ಶೋಚನೀಯವೆಂಬುದರಲ್ಲಿ ವಿವಾದವಿಲ್ಲ. ವಸ್ತುವು ಶೋಚನೀಯವಾದ ಮಾತ್ರಕ್ಕೆ ಕರುಣವು ರಸವಾಗಿ ನಿಷ್ಪನ್ನವಾಗುವುದೆ ಎಂಬುದೇ ವಿಚಾರ. ಶೋಕಕ್ಕೆ ವಿಷಯನಾದವನು ಆಲಂಬನ. ಶೋಕವು ಯಾರ ಹೃದಯದಲ್ಲಿ ಏಳುವುದೋ ಅವನು ಆಶ್ರಯ. ಕುಮಾರಸಂಭವದ ರತಿವಿಲಾಪದಲ್ಲಿ ರತಿಯು ಆಶ್ರಯ, ಕಾಮನು ಆಲಂಬನ. ಅಲ್ಲಿ ಕಾಮನು ಮಾಡಬೇಕಾದುದು ಬೂದಿಯಾಗಿ ಬಿದ್ದಿರುವುದಷ್ಟೆ. ಪರದೇಶದವನ ಕಥೆಯನ್ನು ಸ್ವದೇಶದವನು ಬರೆಯುವಲ್ಲಿ ಪರದೇಶಿಯ ಪಾಡೂ ಅನೇಕವೇಳೆ ಇದೇ ಆಗುತ್ತದೆ. ಅವನು ನರಳುವನು, ಇಲ್ಲವೆ ಸಾಯುವನು. ಮರುಗುವ ಹೃದಯವು ಮಾತ್ರ ಸ್ವದೇಶದವನದು. ಕೊರಿಯಾದ ಕೃತಿಗಳಲ್ಲಿ ಯಾವುದು ಎಷ್ಟರಮಟ್ಟಿಗೆ ಈ ದೋಷವನ್ನು ದಾಟಿದೆ ಎಂಬುದು ಇಲ್ಲಿ ಪರಿಶೀಲಿಸತಕ್ಕ ವಿಷಯ.

ಇದಕ್ಕೆ ಮೊದಲು ಸಂಗತಿಗಳನ್ನು ಸ್ವಲ್ಪ ತಿಳಿದಿರಬೇಕು. ಕೊರಿಯಾವು ಬಹುಕಾಲ ತನ್ನ ಜನರನ್ನು ಹೊರಕ್ಕೆ ಕಳುಹಿಸಿದ ನಾಡು. ೧೯೦೩ರ ಜನವರಿಯಲ್ಲಿ ಹವಾಯಿ ದ್ವೀಪದ ಕಬ್ಬಿನ ತೋಟಗಳಿಗೆ ಮೊದಲನೆಯ ತಂಡವು ಹೋಯಿತು. ಜಪಾನಿನ ಆಳ್ವಿಕೆಯಲ್ಲಿ ಲಕ್ಷಾಂತರ ಮಂದಿ ಅಲ್ಲಿನ ಗಣಿಗಳಿಗೂ ಕಾರ್ಖಾನೆಗಳಿಗೂ ಸಾಗಿಸಲ್ಪಟ್ಟರು. ೧೯೬೩ರಿಂದ ೧೯೭೭ರ ವರೆಗೆ ಪಶ್ಚಿಮ ಜರ್ಮನಿಯ ಕಲ್ಲಿದ್ದಲ ಗಣಿಗಳಿಗೆ ಸುಮಾರು ೮,೦೦೦ ಗಂಡಸರೂ, ಆ ಕಾಲದಲ್ಲಿಯೇ ಅಲ್ಲಿಯ ಆಸ್ಪತ್ರೆಗಳಿಗೆ ೧೦,೦೦೦ಕ್ಕೂ ಮಿಕ್ಕಿ ದಾದಿಯರೂ ಹೋದರು. ೧೯೮೮ರ ಒಲಿಂಪಿಕ್ ಕ್ರೀಡೆಗಳ ಹೊತ್ತಿಗೆ ನಾಡಿನ ಸ್ಥಿತಿಯು ಮಾರ್ಪಟ್ಟಿತು. ಕೊಳಕು, ಕಷ್ಟ, ಅಪಾಯ ಈ ಮೂರೂ ಕೂಡಿದ ಕೆಲಸಗಳಿಗೆ ಸ್ವದೇಶದ ತರುಣರು ದೊರೆಯದೆ ಹೋದರು, ಹೊರಗಿನವರನ್ನು ಕರೆಯಬೇಕಾಯಿತು. ೧೯೯೦ರ ದಶಕದ ಆದಿಯಲ್ಲಿ ಏರ್ಪಟ್ಟ ವ್ಯವಸ್ಥೆಯಲ್ಲಿ ಹೀಗೆ ಬಂದವರಿಗೆ ಕೊಟ್ಟ ಹೆಸರು 'ಔದ್ಯೋಗಿಕ ತರಬೇತಿಯವರು' ಎಂಬುದು. ಶಿಷ್ಯನಿಗೆ ಕೂಲಿಯಾಳಿನ ಹಕ್ಕುಗಳು ಸಲ್ಲವಷ್ಟೆ! ಹೆಸರೊಂದನ್ನು ಬದಲಾಯಿಸಿದುದರಿಂದ ಕಾರ್ಮಿಕರ ಕಾನೂನಿನ ರಕ್ಷಣೆಯಿಂದ ಅವರನ್ನು ಹೊರಗಿಡಲು ಸಾಧ್ಯವಾಯಿತು. ೧೯೯೫ರ ಜನವರಿಯಲ್ಲಿ ೧೩ ಮಂದಿ ನೇಪಾಳಿಗಳು ಸೋಲ್ ನಗರದ ಮ್ಯೊಂಗ್‌ಡಾಂಗ್ ಇಗರ್ಜಿಯ ಬಳಿ ಮೈಗೆ ಸರಪಳಿ ಸುತ್ತಿಕೊಂಡು ಕುಳಿತು, ತಾವೂ ಮನುಷ್ಯರೆಂದೂ ತಮ್ಮನ್ನು ಹೊಡೆಯಬಾರದೆಂದೂ ಸಾರಿದರು. ೨೦೦೪ರ ಆಗಸ್ಟಿನಲ್ಲಿ ಉದ್ಯೋಗದ ಪರವಾನಗಿ ಎಂಬ ಹೊಸ ಕ್ರಮವು ಜಾರಿಗೆ ಬಂದಿತು; ೨೦೦೭ರಲ್ಲಿ ಹಳೆಯದು ರದ್ದಾಯಿತು.

ಹೊಸ ಕ್ರಮದಲ್ಲಿ ಬಂದವನಿಗೆ ಕಾರ್ಮಿಕನೆಂಬ ಹೆಸರು ಉಂಟು, ಕನಿಷ್ಠ ವೇತನವುಂಟು. ಕೊರಿಯಾ ಭಾಷೆಯಲ್ಲಿ ಪರೀಕ್ಷೆ ಕೊಟ್ಟು ತೇರ್ಗಡೆಯಾದವನಿಗೇ ಪ್ರವೇಶ. ಆದರೆ ಅವಧಿಯು ನಾಲ್ಕು ವರ್ಷ ಹತ್ತು ತಿಂಗಳು. ಒಬ್ಬ ಯಜಮಾನನನ್ನು ಬಿಟ್ಟು ಇನ್ನೊಬ್ಬನಲ್ಲಿಗೆ ಹೋಗಲು ಕಾನೂನು ಹೇಳುವ ಕಾರಣಗಳಿರಬೇಕು. ಮೊದಲ ಮೂರು ವರ್ಷಗಳಲ್ಲಿ ಹಾಗೆ ಹೋಗುವುದು ಸಾಮಾನ್ಯವಾಗಿ ಮೂರು ಸಲಕ್ಕೆ ಮೀರಕೂಡದು. ಹೇಳದೆ ಹೊರಟವನು ಅಂದೇ ಅಪರಾಧಿ. ಈ ನಿರ್ಬಂಧವು ಸಂವಿಧಾನಕ್ಕೆ ವಿರುದ್ಧವಲ್ಲವೆಂದು ಅಲ್ಲಿಯ ಸಂವಿಧಾನ ನ್ಯಾಯಾಲಯವು ೨೦೨೧ರ ಡಿಸೆಂಬರಿನಲ್ಲಿ ತೀರ್ಪಿತ್ತಿತು. ೨೦೨೩ರ ಕೊನೆಯ ಹೊತ್ತಿಗೆ ಆ ದೇಶದಲ್ಲಿದ್ದ ವಿದೇಶೀಯರ ಸಂಖ್ಯೆಯು ೨೫ ಲಕ್ಷವನ್ನು ದಾಟಿದ್ದಿತು. ಅವರಲ್ಲಿ ೪ ಲಕ್ಷಕ್ಕೂ ಮಿಕ್ಕಿದವರು ಅನುಮತಿಯಿಲ್ಲದೆ ಉಳಿದವರು. ದಶರೂಪಕದ ಪರಿಭಾಷೆಯಲ್ಲಿ ಹೇಳುವುದಾದರೆ, ಮನೆಯಿಂದ ಹೊರಟಾಗ ಇವರದು ಕಾರ್ಯಪ್ರವಾಸ. ವಿಮಾನದಿಂದ ಇಳಿದ ಮೇಲೆ ಶಾಪಪ್ರವಾಸ. ಸ್ಥಳವೂ ಅವಧಿಯೂ ಅನ್ಯರ ಕೈಯಲ್ಲಿವೆ. ಊರಿನಲ್ಲಿದ್ದ ವಿದ್ಯೆ, ಮಾನ, ಹೆಸರುಗಳೆಂಬ ಮಹಿಮೆಯೂ ಹೋಗಿದೆ. ಭೇದವೇನೆಂದರೆ ಯಕ್ಷನು ಕೆಲಸದಲ್ಲಿ ತಪ್ಪಿ ಶಾಪಕ್ಕೆ ಗುರಿಯಾದನು. ಇವರು ಕೆಲಸವನ್ನು ಕೇಳಿ ಗುರಿಯಾದರು.

ಈ ವಸ್ತುವನ್ನು ಎತ್ತಿಕೊಂಡ ಕಥೆಗಳಲ್ಲಿ ಕಿಮ್ ಜೇ-ಯಂಗ್ ಎಂಬ ಲೇಖಕಿಯು ೨೦೦೪ರಲ್ಲಿ ಪ್ರಕಟಿಸಿದ 'ಆನೆ' ಎಂಬ ಸಣ್ಣಕಥೆಯು ಗುಣದಲ್ಲಿ ಮೊದಲನೆಯದೆಂದು ಹೇಳಬೇಕು. ಕಥೆಯನ್ನು ಹೇಳುವವನು ಹನ್ನೆರಡು ಹದಿಮೂರು ವರ್ಷದ ಹುಡುಗ. ತಂದೆ ನೇಪಾಳಿ; ತಾಯಿ ಚೀನಾದಲ್ಲಿ ನೆಲೆಸಿದ ಕೊರಿಯಾ ಜನಾಂಗದವಳು, ಮನೆ ಬಿಟ್ಟು ಹೋಗಿರುವಳು. ಸೋಲ್ ನಗರದ ಹೊರವಲಯದಲ್ಲಿ ಮರದ ಸಾಮಾನು ಮಾಡುವ ಕಾರ್ಖಾನೆಗಳಿರುವ ಕಡೆ, ಹಿಂದೆ ಹಂದಿಗಳನ್ನು ಸಾಕುತ್ತಿದ್ದ ಕೊಟ್ಟಿಗೆಯನ್ನೇ ಕೋಣೆಗಳಾಗಿ ಮಾಡಿದ ಜಾಗದಲ್ಲಿ ಅವರ ವಾಸ. ಕೊರಿಯಾದಲ್ಲಿ ಪೌರತ್ವವು ತಂದೆತಾಯಿಗಳ ರಕ್ತದಿಂದ ಬರತಕ್ಕುದು, ಹುಟ್ಟಿದ ನೆಲದಿಂದಲ್ಲ. ಅದು ಕಾರಣ ಈ ಹುಡುಗನ ಜನನವು ಯಾವ ದಫ್ತರದಲ್ಲಿಯೂ ಇಲ್ಲ. ಅವನು ಪ್ರತಿದಿನವೂ ಶಾಲೆಯಲ್ಲಿ ಕುಳಿತಿರುವನು, ಆದರೆ ಸರಕಾರದ ಪಾಲಿಗೆ ಇನ್ನೂ ಹುಟ್ಟಿಲ್ಲ. ತನ್ನ ಮೈಬಣ್ಣವನ್ನು ಹೋಗಲಾಡಿಸಲು ಅವನು ಬಣ್ಣ ಕಳೆಯುವ ಔಷಧವನ್ನು ನೀರಿನಲ್ಲಿ ಕದಡಿ ಮುಖ ತೊಳೆಯುವನು.

ಹಂದಿಯ ಕೊಟ್ಟಿಗೆಯನ್ನು ಓದಿದ ದೂರದೇಶದ ವಾಚಕನು ಅದನ್ನು ರೂಪಕವೆಂದು ತಿಳಿಯುವ ಸಂಭವವುಂಟು. ಅದು ಶುದ್ಧ ಸ್ವಭಾವೋಕ್ತಿ. ಕಥೆಯು ಬಂದು ಹದಿನಾರು ವರ್ಷಗಳಾದ ಮೇಲೆ, ೨೦೨೦ರ ಡಿಸೆಂಬರಿನ ಕಡುಚಳಿಯಲ್ಲಿ, ಪೊಚನ್ ಎಂಬಲ್ಲಿ ಕಾಂಬೋಡಿಯಾ ದೇಶದ ಕೂಲಿಹೆಂಗಸೊಬ್ಬಳು ಪ್ಲಾಸ್ಟಿಕ್ ಹೊದಿಕೆಯ ಹಸುರುಮನೆಯೊಳಗಣ ವಸತಿಯಲ್ಲಿ ಸತ್ತುದು ಕಂಡುಬಂದಿತು. ತರಕಾರಿಗಾಗಿ ಕಟ್ಟಿದ ಮನೆಯಲ್ಲಿ ಮನುಷ್ಯರನ್ನಿರಿಸುವ ಪದ್ಧತಿಯು ಅಲ್ಲಿ ಒಂದೆರಡು ಕಡೆಯದಲ್ಲ. ಸ್ವಭಾವೋಕ್ತಿಯು ಅಲಂಕಾರವೇ ಅಲ್ಲವೆಂದು ಕುಂತಕನು ವಾದಿಸಿದನು. ಇಂತಹ ವಸ್ತುವಿನಲ್ಲಿ ಅದಕ್ಕಿಂತ ಮಿಗಿಲಾದುದನ್ನು ಕವಿಯು ತಂದಿದ್ದರೆ ಔಚಿತ್ಯಕ್ಕೆ ಭಂಗವಾಗುತ್ತಿದ್ದಿತೆಂಬುದನ್ನು ಈ ಕಥೆಯು ತೋರಿಸುತ್ತದೆ.

ಕಥೆಗೆ ಹೆಸರಾಗಿರುವ ಆನೆಯ ಪ್ರಸಂಗವು ಸಂಸ್ಕೃತಜ್ಞರಿಗೆ ವಿಶೇಷ ಸ್ವಾರಸ್ಯವುಳ್ಳುದು. ಒಮ್ಮೆ ಆಕಾಶಕ್ಕೆ ಸೇರಿದ್ದ ದಿವ್ಯವಾದ ಆನೆಯು ಶಾಪದಿಂದ ಭೂಮಿಗೆ ಬಿದ್ದು ಭಾರವನ್ನು ಹೊರುವಂತಾಯಿತೆಂಬ ಪುರಾಣವು ತಂದೆಯ ನಾಡಿನಿಂದ ಈ ಕೊಟ್ಟಿಗೆಗೆ ಬಂದಿದೆ. ನೀಲಕಂಠನ ಮಾತಂಗಲೀಲೆಯಲ್ಲಿ ಇದರ ಪೂರ್ಣರೂಪವನ್ನು ಕಾಣಬಹುದು. ಅಲ್ಲಿ ಪಾಲಕಾಪ್ಯ ಮುನಿಯು ಅಂಗರಾಜನಿಗೆ ಹೇಳುವ ಪ್ರಕಾರ, ಆನೆಗಳು ಮೊದಲು ಬಯಸಿದಲ್ಲಿಗೆ ಹಾರಿ ಹೋಗಬಲ್ಲವಾಗಿದ್ದುವು. ಹಿಮಾಲಯದಾಚೆಯ ಆಲದ ಮರವೊಂದರ ಕೊಂಬೆಯಲ್ಲಿ ಅವು ಇಳಿಯಲು ಕೊಂಬೆಯು ಮುರಿಯಿತು. ಕೆಳಗೆ ಇದ್ದ ದೀರ್ಘತಪಸ್ಸೆಂಬ ಮುನಿಯು ಕೋಪಗೊಂಡು, ಅವು ಇಚ್ಛೆಬಂದಂತೆ ಸಂಚರಿಸುವ ಶಕ್ತಿಯನ್ನು ಕಳೆದುಕೊಂಡು ಮನುಷ್ಯರಿಗೆ ವಾಹನವಾಗಲೆಂದು ಶಪಿಸಿದನು. ದಿಗ್ಗಜಗಳಿಗೆ ಮಾತ್ರ ಈ ಶಾಪವು ತಟ್ಟಲಿಲ್ಲ. ಇಲ್ಲಿ ಮುಖ್ಯವಾದುದು ಹೊರೆಯಲ್ಲ. ಬಯಸಿದಲ್ಲಿಗೆ ಹೋಗುವ ಶಕ್ತಿಯ ಲೋಪ. ಕೊರಿಯಾದ ಪರವಾನಗಿಯ ಕ್ರಮವು ತೆಗೆದುಕೊಳ್ಳುವುದೂ ಅದನ್ನೇ. ಹುಡುಗನ ಹೆಸರು ಅಕಾಸ್; ಇದು ಆಕಾಶಶಬ್ದದ ರೂಪವೆಂಬುದು ಸ್ಪಷ್ಟ. ಆಕಾಶವೆಂಬ ಹೆಸರಿನವನು ಸೂರು ತಗ್ಗಾದ ಕೊಟ್ಟಿಗೆಯಲ್ಲಿ ಮಲಗಿರುವನು. ಲೇಖಕಿಯು ಇದನ್ನು ವಾಚ್ಯವಾಗಿ ಹಿಗ್ಗಿಸದಿರುವುದರಿಂದ ಧ್ವನಿಯು ಉಳಿದಿದೆ.

ಇನ್ನೊಂದು ಅರ್ಥಸಾಧ್ಯತೆಯು ಲೇಖಕಿಯ ಉದ್ದೇಶದಲ್ಲಿದ್ದುದಲ್ಲ, ಆದರೂ ಕೋಶವನ್ನು ಬಲ್ಲವರು ಮರೆಯುವಂತಿಲ್ಲ. ಐರಾವತಕ್ಕೆ ಅಭ್ರಮಾತಂಗ ಎಂದು ಅಮರನು ಹೆಸರು ಕೊಟ್ಟಿರುವನು. ಮೋಡದ ಆನೆ ಎಂದರ್ಥ. ಅದೇ ಮಾತಂಗಶಬ್ದವನ್ನು ಅವನು ಶೂದ್ರವರ್ಗದಲ್ಲಿ ಚಂಡಾಲಪರ್ಯಾಯವಾಗಿ ಪಠಿಸಿರುವನು. ಇಂದ್ರನ ವಾಹನಕ್ಕೂ ಊರ ಹೊರಗಿರಿಸಿದವನಿಗೂ ಒಂದೇ ಶಬ್ದ. ಹಂದಿಯ ಕೊಟ್ಟಿಗೆಯಲ್ಲಿ ಮನುಷ್ಯರನ್ನಿರಿಸಿದ ನಾಡನ್ನು ಕಂಡು ಅಚ್ಚರಿಪಡುವ ಭಾರತೀಯ ವಾಚಕನು ತನ್ನ ಕೋಶದ ಈ ಪುಟವನ್ನೂ ತೆರೆದಿಟ್ಟುಕೊಂಡು ಓದತಕ್ಕುದು.

'ಆನೆ'ಯಲ್ಲಿ ಆಶ್ರಯನು ಹುಡುಗನೇ. ಮರುಗುವ ಕೊರಿಯಾದವನೊಬ್ಬನನ್ನು ನಡುವೆ ನಿಲ್ಲಿಸದಿರುವುದು ಲೇಖಕಿಯ ದೊಡ್ಡ ವಿವೇಕ. ಇದಕ್ಕೆ ವಿರುದ್ಧವಾದ ಕ್ರಮವನ್ನು ಪಾರ್ಕ್ ಬಮ್-ಶಿನ್ ಬರೆದ 'ನಮಸ್ತೆ' (೨೦೦೫) ಎಂಬ ಕಾದಂಬರಿಯಲ್ಲಿ ಕಾಣಬಹುದು. ಕಥೆಯು ಬಹುಮಟ್ಟಿಗೆ ಸಿನ್-ಉ ಎಂಬ ಕೊರಿಯಾದ ಹೆಂಗಸಿನ ದೃಷ್ಟಿಯಿಂದ ಸಾಗುತ್ತದೆ. ಆಕೆಯ ಮನೆಯವರು ಒಮ್ಮೆ ಅಮೆರಿಕಕ್ಕೆ ವಲಸೆ ಹೋಗಿ, ೧೯೯೨ರ ಲಾಸ್ ಏಂಜಲೀಸ್ ದಂಗೆಯನ್ನು ಕಂಡವರು. ಆಕೆ ಪ್ರೀತಿಸುವ ಕಮಿಲನು ನೇಪಾಳಿ. ಅನುಮತಿಯಿಲ್ಲದವರನ್ನು ಹಿಡಿದು ಹೊರಹಾಕುತ್ತಿದ್ದ ಕಾಲದ ಪ್ರತಿಭಟನೆಯಲ್ಲಿ ಅವನು ಆತ್ಮಾಹುತಿ ಮಾಡಿಕೊಳ್ಳುವನು. ೨೦೦೩ರ ಕೊನೆಯಲ್ಲಿ ಆರಂಭವಾಗಿ ಒಂದು ವರ್ಷಕ್ಕೂ ಮಿಕ್ಕಿ ಮ್ಯೊಂಗ್‌ಡಾಂಗ್‌ನಲ್ಲಿ ನಡೆದ ಧರಣಿಯು ಈ ಭಾಗದ ಹಿನ್ನೆಲೆ. 'ನಾವೂ ಒಮ್ಮೆ ಪರದೇಶಿಗಳಾಗಿದ್ದೆವು' ಎಂಬ ಅರಿವನ್ನು ಸ್ವಜನರಿಗೆ ತಂದುಕೊಡುವ ಗ್ರಂಥಕರ್ತನ ಉದ್ದೇಶವು ಶ್ಲಾಘ್ಯ. ಆದರೆ ಇದರ ಫಲವಾಗಿ ಕಮಿಲನು ಕನ್ನಡಿಯಾಗಿಬಿಟ್ಟಿರುವನು. ಅವನಲ್ಲಿ ನೋಡಿದವರಿಗೆ ಕೊರಿಯಾದ ಪೂರ್ವಕಥೆಯೇ ಕಾಣುತ್ತದೆ. ಸಾಲದುದಕ್ಕೆ ಹಿಮಾಲಯದ ಪಾವಿತ್ರ್ಯವೆಲ್ಲವನ್ನೂ ಅವನ ಮೇಲೆ ಹೊರಿಸಲಾಗಿದೆ. ಪವಿತ್ರನಾದವನಿಗೆ ಸಂಬಳದ ಬಾಕಿಯ ಲೆಕ್ಕವನ್ನು ಮಾಡಲು ಹೊತ್ತೆಲ್ಲಿಯದು? ಕೊನೆಯಲ್ಲಿ ಅವನು ಬೆಂಕಿಗೆ ಬೀಳುವಾಗ ವಾಚಕನ ಕಣ್ಣಿನಲ್ಲಿ ನೀರು ಬರುವುದು ನಿಜ. ಆ ಕಣ್ಣೀರಿನ ಆಶ್ರಯವು ಸಿನ್-ಉ. ಕಮಿಲನು ಬೂದಿಯಾದ ಕಾಮನ ಸ್ಥಾನದಲ್ಲಿಯೇ ಉಳಿದನು.

ಮದುವೆಯಾಗಿ ಬಂದ ಸ್ತ್ರೀಯರ ವಿಷಯವು ಬೇರೆ. ಹಳ್ಳಿಯ ಗಂಡಸರಿಗೂ ಬಡವರಿಗೂ ಹೆಣ್ಣು ಸಿಕ್ಕದೆ ಹೋದಾಗ ದಲ್ಲಾಳಿಗಳ ಮೂಲಕ ವಿಯೆಟ್ನಾಂ ಮೊದಲಾದ ದೇಶಗಳಿಂದ ವಧುಗಳು ಬಂದರು. ೨೦೦೮ರಲ್ಲಿ ಇಂತಹ 'ಬಹುಸಂಸ್ಕೃತಿಯ ಕುಟುಂಬ'ಗಳಿಗೆ ನೆರವು ನೀಡುವ ಕಾನೂನೂ ಆಯಿತು. ಆ ವರ್ಷವೇ ಪ್ರಕಟವಾದ ಕಿಮ್ ರ್ಯೊ-ರ್ಯೊಂಗ್ ಅವರ 'ವಾಂಡುಗಿ' ಕಾದಂಬರಿಯು ಹಾಸ್ಯಪ್ರಧಾನವಾದುದು, ಬಾಲಕರಿಗೂ ಪ್ರಿಯವಾದುದು. ಕಥಾನಾಯಕನಾದ ವಾಂಡುಕನು ತಾಯಿಯಿಲ್ಲದೆ ಬೆಳೆದವನು. ತಾಯಿಯು ವಿಯೆಟ್ನಾಂ ದೇಶದವಳೆಂದು ಅವನಿಗೆ ತಿಳಿಯುವುದೇ ಅವನು ದೊಡ್ಡವನಾದ ಮೇಲೆ, ಉಪಾಧ್ಯಾಯನ ಮೂಲಕ. ತಾಯಿಮಕ್ಕಳು ಕೂಡುವ ಸಂದರ್ಭದಲ್ಲಿ ಒಂದು ಸೂಕ್ಷ್ಮವಿದೆ. ಕೊರಿಯಾ ಭಾಷೆಯಲ್ಲಿ ಕ್ರಿಯಾಪದಕ್ಕೆ ಗೌರವದ ಮಟ್ಟಗಳು ಹಲವುಂಟು. ಕನ್ನಡದ ಏಕವಚನ ಬಹುವಚನಗಳಿಗಿಂತ ಅವು ಹೆಚ್ಚು ಬಿಗಿಯಾದುವು. ಕಾರ್ಖಾನೆಯ ಮೇಲ್ವಿಚಾರಕನು ಪರದೇಶದ ಕೆಲಸಗಾರನನ್ನು, ಅವನು ಎಷ್ಟು ಹಿರಿಯನಾದರೂ, ಕೆಳಗಣ ಮಟ್ಟದಲ್ಲಿ ಮಾತನಾಡಿಸುವನೆಂಬುದು ಸಾಮಾನ್ಯವಾದ ದೂರು. ಇಲ್ಲಿಯಾದರೋ ತಾಯಿಯು ಹೆತ್ತ ಮಗನನ್ನು ಗೌರವರೂಪದಿಂದ ಮಾತನಾಡಿಸುವಳು. ಮಗನು ಅವಳನ್ನು ತಾಯಿಯೆನ್ನಲಾರದೆ 'ಆ ಮಾನ್ಯರು' ಎಂಬರ್ಥದ ಶಬ್ದದಿಂದ ಸೂಚಿಸುವನು. ಸೇವೆಯಲ್ಲಿದ್ದವಳು ಕಲಿತ ಭಾಷೆ ಎಂತಹದೆಂಬುದನ್ನು ಪುಟಗಟ್ಟಲೆ ವಿವರಿಸಿದ್ದರೂ ಇಷ್ಟು ತಿಳಿಯುತ್ತಿರಲಿಲ್ಲ. ಕನ್ನಡದಲ್ಲಿ ತಾಯಿಯೊಬ್ಬಳು ಬೆಳೆದ ಮಗನಿಗೆ 'ತಾವು ಊಟ ಮಾಡಿದಿರಾ' ಎಂದುದನ್ನು ಊಹಿಸಿಕೊಂಡರೆ ಇದರ ತೀಕ್ಷ್ಣತೆಯು ಮನಸ್ಸಿಗೆ ಹತ್ತುವುದು. ಹಾಸ್ಯದ ಒಳಗೆ ಅಡಗಿದ ಈ ಕರುಣವು 'ನಮಸ್ತೆ'ಯ ಬೆಂಕಿಗಿಂತ ಪ್ರಬಲ.

ಆದರೂ ಇಲ್ಲಿ ಆಶ್ರಯನು ಮಗನೇ ಹೊರತು ತಾಯಿಯಲ್ಲ. ಈ ಕಾದಂಬರಿಯು ೨೦೧೧ರಲ್ಲಿ ಚಲಚ್ಚಿತ್ರವಾದಾಗ ತಾಯಿಯನ್ನು ವಿಯೆಟ್ನಾಮಿನವಳ ಬದಲಿಗೆ ಫಿಲಿಪ್ಪೀನ್ಸಿನವಳನ್ನಾಗಿ ಮಾಡಿದರು. ಆ ಪಾತ್ರವನ್ನು ವಹಿಸಿದ, ಫಿಲಿಪ್ಪೀನ್ಸಿನಲ್ಲಿ ಹುಟ್ಟಿದ ಜಾಸ್ಮಿನ್ ಲೀ ಎಂಬವರು ೨೦೧೨ರಲ್ಲಿ ಕೊರಿಯಾದ ರಾಷ್ಟ್ರಸಭೆಯ ಸದಸ್ಯರಾದರು. ಇದು ಸಂತೋಷದ ಸಂಗತಿ. ಆದರೆ ತಾಯಿಯ ದೇಶವನ್ನು ಹೀಗೆ ಬದಲಾಯಿಸಿದಾಗ ಕಥೆಯ ಎಲುಬು ಒಂದಿಷ್ಟೂ ಅಲುಗಲಿಲ್ಲವೆಂಬುದು ವಿಮರ್ಶಕನಿಗೆ ಬೇರೊಂದನ್ನು ತಿಳಿಸುತ್ತದೆ: ಅವಳ ದೇಶವು ಕಥೆಯೊಳಗೆ ಮೊದಲೇ ಇರಲಿಲ್ಲ. ಶಕುಂತಲೆಯನ್ನು ಕಣ್ವಾಶ್ರಮದಿಂದ ಕಿತ್ತು ಇನ್ನೊಂದೆಡೆ ಇಟ್ಟರೆ ನಾಟಕವೇ ಉಳಿಯದು.

ಸನ್ ಹಾಂಗ್-ಗ್ಯು ಬರೆದ, ಕೊರಿಯಾ ಯುದ್ಧಕ್ಕೆ ಬಂದು ಅಲ್ಲಿಯೇ ನಿಂತ ತುರ್ಕಿಯೊಬ್ಬನು ಕೊರಿಯಾದ ಅನಾಥ ಬಾಲಕನನ್ನು ಸಾಕುವ ಕಥೆಯೂ (೨೦೧೦), ಬಾಂಗ್ಲಾದೇಶದ ಕೆಲಸಗಾರನೊಬ್ಬನ ಬಾಕಿ ಸಂಬಳದ ಸುತ್ತ ಹೆಣೆದ 'ಬಾಂಧೋಬಿ' ಎಂಬ ಚಲಚ್ಚಿತ್ರವೂ (೨೦೦೯) ಆಸಕ್ತಿಯುಳ್ಳ ಕೃತಿಗಳು. ಪ್ರಕೃತ ವಿಚಾರಕ್ಕೆ ಅವು ಹೊಸತನ್ನು ಸೇರಿಸುವುದಿಲ್ಲ. ಸೇರಿಸುವುದು ಪಾರ್ಕ್ ಚಾನ್-ವುಕ್ ನಿರ್ದೇಶಿಸಿದ ಒಂದು ಕಿರುಚಿತ್ರ. ಕೊರಿಯಾದ ರಾಷ್ಟ್ರೀಯ ಮಾನವಹಕ್ಕುಗಳ ಆಯೋಗವು ೨೦೦೩ರಲ್ಲಿ ಹಲವು ನಿರ್ದೇಶಕರಿಂದ ಮಾಡಿಸಿದ ಚಿತ್ರಮಾಲೆಯಲ್ಲಿ ಇದೂ ಒಂದು. ನಡೆದ ಸಂಗತಿಯೇ ಇದರ ವಸ್ತು. ನೇಪಾಳದ ಕೂಲಿಹೆಂಗಸೊಬ್ಬಳು ೧೯೯೩ರಲ್ಲಿ ಸೋಲ್ ನಗರದ ಊಟದಂಗಡಿಯೊಂದರಲ್ಲಿ ಉಂಡು, ಕೊಡಲು ಹಣವಿಲ್ಲದೆ ಪೊಲೀಸರ ಕೈಗೆ ಸಿಕ್ಕಿದಳು. ಅವಳ ಮುಖವು ಕೊರಿಯಾದವರ ಮುಖವನ್ನು ಹೋಲುತ್ತಿದ್ದಿತು, ಮಾತು ತೊದಲುತ್ತಿದ್ದಿತು, ಆದುದರಿಂದ ಅವಳು ಬುದ್ಧಿ ಕೆಟ್ಟ ಕೊರಿಯಾದವಳೆಂದು ನಿಶ್ಚಯಿಸಿ ಆರು ವರ್ಷಕ್ಕೂ ಮಿಕ್ಕಿ ಹುಚ್ಚರ ಆಸ್ಪತ್ರೆಗಳಲ್ಲಿ ಇಟ್ಟರು. ತಾನು ನೇಪಾಳಿಯೆಂದು ಅವಳು ಹೇಳಿದುದೇ ಹುಚ್ಚಿಗೆ ಪ್ರಮಾಣವಾಯಿತು. ಅಕಾಸನಿಗೆ ಮುಖದ ಬಣ್ಣವೇ ಶತ್ರು. ಇವಳಿಗೆ ಅಲ್ಲಿಯವರ ಮುಖವನ್ನು ಹೋಲುವುದೇ ಶತ್ರು. ಒಳಗಿನವರು ಹೊರಗಿನವರೆಂಬ ವಿಭಾಗವು ಎಷ್ಟು ಕುರುಡಾದುದೆಂಬುದಕ್ಕೆ ಇದಕ್ಕಿಂತ ಬೇರೆ ದೃಷ್ಟಾಂತ ಬೇಡ. ನಿರ್ದೇಶಕನು ಮಾಡಿದ ಉಪಾಯವು ಗಮನಾರ್ಹ: ಚಿತ್ರದ ಬಹುಭಾಗದಲ್ಲಿ ಅವಳು ಕಾಣುವುದಿಲ್ಲ, ಅವಳ ಕಣ್ಣಿನ ಸ್ಥಾನದಲ್ಲಿ ಯಂತ್ರವನ್ನಿಟ್ಟಿರುವನು. ಪೊಲೀಸರೂ ವೈದ್ಯರೂ ನೇರವಾಗಿ ಪ್ರೇಕ್ಷಕನ ಮುಖವನ್ನು ನೋಡಿ, ಅವನನ್ನು ಹುಚ್ಚನೆಂದು ತಿಳಿದು ಮಾತನಾಡುವರು. ಪ್ರೇಕ್ಷಕನಿಗೆ ಅವಳ ಮೇಲೆ ಮರುಗಲು ಅವಕಾಶವೇ ದೊರೆಯದು. ಅವನು ಅವಳಾಗಿಯೇ ಇರಬೇಕಾಗುವುದು.

ಇಲ್ಲಿ ಪೂರ್ವಪಕ್ಷವೊಂದುಂಟು. ರಸಾನುಭವದಲ್ಲಿ ವಿಭಾವಾದಿಗಳು ಸಾಧಾರಣೀಕೃತವಾಗುವುವು. 'ಇದು ನನ್ನದು, ಇದು ಪರರದು' ಎಂಬ ಭಾವವು ಕಳಚುವುದು. ಹಾಗಿರುವಾಗ ಪರವಾನಗಿಯ ಅವಧಿ, ಪೌರತ್ವದ ವಿಧಿ ಮುಂತಾದ ಕಛೇರಿಯ ವಿವರಗಳಿಂದ ಕಾವ್ಯವಿಚಾರಕ್ಕೆ ಏನು ಪ್ರಯೋಜನ? ಸಾಧಾರಣೀಕರಣದಿಂದ ಹೋಗುವುದು ಸ್ವಪರಸಂಬಂಧವೇ ಹೊರತು ವಿಭಾವದ ಸ್ವರೂಪವಲ್ಲವೆಂಬುದು ಇದಕ್ಕೆ ಉತ್ತರ. ಉಂಗುರವನ್ನು ಬಿಟ್ಟು ಶಾಕುಂತಲವಿಲ್ಲ. ಕೊರಿಯಾದ ಕಥೆಗಳಲ್ಲಿ ಶೋಕಕ್ಕೆ ಕಾರಣವು ವಿಧಿಯೂ ಅಲ್ಲ, ಪೂರ್ವಕರ್ಮವೂ ಅಲ್ಲ. ಕಾಗದದ ಮೇಲೆ ಬರೆದ ವಿಧಿಗಳು. ಅವನ್ನು ಬಿಟ್ಟು ಬರಿಯ ಮಾನವದುಃಖವೆಂದು ಓದಿದರೆ ಶಾಪವು ಉಳಿದು ಶಪಿಸಿದವರು ಮರೆಯಾಗುವರು. ೨೦೨೪ರ ಜೂನ್ ೨೪ರಂದು ಹ್ವಾಸಂಗ್ ಎಂಬಲ್ಲಿ ಬ್ಯಾಟರಿಯ ಕಾರ್ಖಾನೆಗೆ ಬೆಂಕಿ ಬಿದ್ದು ೨೩ ಮಂದಿ ಸತ್ತರು. ಅವರಲ್ಲಿ ೧೮ ಮಂದಿ ವಿದೇಶೀಯರು, ಬಹುತೇಕರು ಚೀನಾ ದೇಶದವರು. ಬೆಂಕಿಯು ಎಲ್ಲರಿಗೂ ಸಾಧಾರಣ. ಆ ಕೊಠಡಿಯಲ್ಲಿ ಯಾರು ಕೆಲಸಕ್ಕೆ ನಿಲ್ಲುವರೆಂಬುದು ಸಾಧಾರಣವಲ್ಲ.

ಇಷ್ಟರವರೆಗೆ ನೋಡಿದ ಕೃತಿಗಳೆಲ್ಲವೂ ಕೊರಿಯಾದವರು ಬರೆದುವು. ಆಶ್ರಯನು ತಾನೇ ಕವಿಯಾದರೆ ಏನಾಗುವುದೆಂಬುದಕ್ಕೆ ೨೦೨೦ರಲ್ಲಿ ಹೊರಬಂದ ಒಂದು ಕವನಸಂಗ್ರಹವು ಉದಾಹರಣೆ. ಕೊರಿಯಾದಲ್ಲಿ ದುಡಿದ ೩೫ ಮಂದಿ ನೇಪಾಳಿಗಳ ಪದ್ಯಗಳನ್ನು ಕೊರಿಯಾ ಭಾಷೆಗೆ ತಿರುಗಿಸಿ ಅದರಲ್ಲಿ ಸೇರಿಸಿದೆ. 'ಇದು ಯಂತ್ರಗಳ ನಗರವಪ್ಪಾ' ಎಂದು ಅದರ ಹೆಸರನ್ನು ಕನ್ನಡಿಸಬಹುದು. ಪದ್ಯಗಳು ಎಲ್ಲವೂ ಸಮನಾದುವಲ್ಲ. ಕೆಲವು ಹಾಡಿನ ಹಳೆಯ ಜಾಡನ್ನೇ ಹಿಡಿದಿವೆ, ಕೆಲವು ಭಾಷಣವಾಗಿವೆ. ಒಳ್ಳೆಯವುಗಳಲ್ಲಿ ಕಣ್ಣೀರು ಕಡಮೆ. ಯಂತ್ರದ ಸದ್ದು, ಯಜಮಾನನ ಗಡಸು ಮಾತು, ಹಬ್ಬದ ದಿನ ಊರಿನ ನೆನಪು ಇವು ಬರುವುವು. ತನ್ನ ಮೇಲೆ ಯಾರಾದರೂ ಮರುಗಲಿ ಎಂಬ ಅಪೇಕ್ಷೆಯು ಬರುವುದಿಲ್ಲ. ಕರುಣಕ್ಕಿಂತ ವ್ಯಂಗ್ಯವು, ವ್ಯಂಗ್ಯಕ್ಕಿಂತ ಒಂದು ಬಗೆಯ ಶುಷ್ಕವಾದ ಅಚ್ಚರಿಯು ಮುಂದಾಗಿ ಕಾಣುವುದು. ಇದನ್ನು ಅದ್ಭುತದ ಛಾಯೆಯೆಂದರೂ ಸಲ್ಲುವುದು. ಹೆಸರಿನಲ್ಲಿರುವ ಕ್ರಿಯಾಪದದ ರೂಪವು ಅನುವಾದಕರು ಆರಿಸಿದುದಾದರೂ ವಿಚಾರಾರ್ಹ. ಅದು ಮೇಲ್ವಿಚಾರಕನ ಬಿರುಸಾದ ಏಕವಚನವೂ ಅಲ್ಲ, ವಾಂಡುಕನ ತಾಯಿಯ ಅಂಜಿದ ಬಹುವಚನವೂ ಅಲ್ಲ. ತನಗಿಂತ ಕಿರಿಯರಿಗೆ, ಮನೆಯವರಿಗೆ, ತಿಳಿಯದುದನ್ನು ಅಕ್ಕರೆಯಿಂದ ತಿಳಿಸುವಾಗ ಬಳಸುವ ರೂಪವದು. ಊರಿನಲ್ಲಿರುವ ತಮ್ಮನಿಗೋ ಮಗಳಿಗೋ ಆ ಮಾತು ಹೋಗುತ್ತಿದೆ. ಸೋಲ್ ನಗರದಲ್ಲಿ ಕುಳಿತು ಅದನ್ನು ಓದುವ ವಾಚಕನು ಪಕ್ಕದಲ್ಲಿ ನಿಂತು ಕೇಳಿಸಿಕೊಳ್ಳುವವನಷ್ಟೆ. ಅವನನ್ನು ಕುರಿತು ಹೇಳಿದ ಮಾತು ಅದಲ್ಲ.